ಫೋಟೋ ಆಮೇಲೆ, ಮೊದಲು ಒಂದು ಎಳೆ ನೂಲೋಣ

ಮೂರನೇ ಸೆಮ್‌ನಲ್ಲಿ ‘ಸೋಶಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಅಂತ ಒಂದು ವಿಷಯ ಇದೆಯಲ್ಲ, ವಿಟಿಯು 2022ರ ಸ್ಕೀಮಿನದು? ಗಿಡ ನೆಡೋದು, ನೀರು ಉಳಿಸೋದು ಇದ್ದಂಗೆ ಅದರೊಳಗೆ ಹೆರಿಟೇಜ್ ವಾಕ್, ಕ್ರಾಫ್ಟ್ಸ್ ಕಾರ್ನರ್ ಅನ್ನೋ ಭಾಗವೂ ಇದೆ. ಒಳ್ಳೆಯ ವಿಚಾರ. ಆದರೆ ಒಬ್ಬ ಕುಶಲಕರ್ಮಿಯ ಮನೆ ಮುಂದೆ ಹತ್ತು ನಿಮಿಷ ನಿಂತು ಗ್ರೂಪ್ ಫೋಟೋ ಹೊಡ್ಕೊಂಡು ಬಂದ್ರೂ ರಿಪೋರ್ಟ್ ರೆಡಿ ಆಗುತ್ತೆ. ನಾವು ಯರಗಟ್ಟಿ ಕಡೆಯವರು ನಾಲ್ಕು ಮಂದಿ ಸೇರಿ ಹೇಳೋದು ಇಷ್ಟೇ: ಈ ಸಲ ನಮ್ಮ ಕಡೆ ಬರ್ರಿ. ಕುರಿ ಉಣ್ಣೆ ನೂಲೋದನ್ನ ಕೈಯಾರೆ ಕಲಿಯೋಣ.

ಯಾಕೆ ಉಣ್ಣೆ? ಯರಗಟ್ಟಿ, ಸವದತ್ತಿ, ರಾಮದುರ್ಗದ ಬಯಲು ಕುರಿಗಳ ಸೀಮೆ. ಸುಗ್ಗಿ ಮುಗಿದ ಮೇಲೆ ಹೊಲದಾಗ ಕುರಿ ತರುಬತಾರ; ಕುರಿಗೆ ಮೇವು, ಹೊಲಕ್ಕೆ ಗೊಬ್ಬರ. ಡೆಕ್ಕನಿ ತಳಿಯ ಕರಿ ಕುರಿಯ ಉಣ್ಣೆ ಒರಟು, ಕಂಬಳಿಗೆ ಹೇಳಿ ಮಾಡಿಸಿದ್ದು. ಅದನ್ನ ಹಿಂಜಿ, ಹಂಜಿ ಮಾಡಿ, ರಾಟಿ ಮೇಲೆ ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಕುಣಿಮಗ್ಗದಲ್ಲಿ ನೇಯ್ದರೆ ಕಂಬಳಿ. ನೂಲೋ ಕೆಲಸ ಬಹುತೇಕ ಹೆಂಗಸರದು. ಈಗ ಮಿಲ್ಲುಗಳಿಗೆ ನುಣುಪು ಉಣ್ಣೆ ಬೇಕು, ಮನೆಗಳಿಗೆ ಅಗ್ಗದ ಸಿಂಥೆಟಿಕ್ ಹೊದಿಕೆ ಬೇಕು. ಕುರಿ ಕತ್ತರಿಸಿದ ಕೂಲಿಯೂ ಹುಟ್ಟದ ಕಡೆ ಉಣ್ಣೆಯನ್ನ ಬಯಲಿಗೆ ಚೆಲ್ಲತಾರ. ಎಷ್ಟೋ ಕುರಿಗಾರರು ಮಾಂಸದ ಲೆಕ್ಕ ಹಾಕಿ ಉಣ್ಣೆ ಕಡಿಮೆ ಇರೋ ಮಾಡಗ್ಯಾಳ, ನೆಲ್ಲೂರು ತಳಿಗಳ ಕಡೆ ಹೊರಳಿದ್ದಾರೆ. ನೂಲೋ ಆಯಿ ಹೋದ್ರೆ ಅವರ ಕೈಯೊಳಗಿನ ವಿದ್ಯೆ ಯಾವ ಪಿಡಿಎಫ್‌ನಲ್ಲೂ ಸಿಗಲ್ಲ.

ಬೇರೆ ಕಡೆ ಒಂದು ಹಿಡಿ ಕೂದಲಿಗೆ ಎಷ್ಟು ಮರ್ಯಾದೆ ನೋಡ್ರಿ. ಮೀನು ಹಿಡಿಯೋ ಗಾಳಕ್ಕೆ ಕೂದಲು, ಪುಕ್ಕ ಕಟ್ಟಿ ಹುಳದಂಥ ‘ಫ್ಲೈ’ ಮಾಡೋ ಹವ್ಯಾಸ ಅಮೆರಿಕ, ಕೆನಡಾದಲ್ಲಿ ದೊಡ್ಡದು. 1930ರ ದಶಕದಲ್ಲಿ ಡಾನ್ ಗಾಪೆನ್ ಕಟ್ಟಿದ ‘ಮಡ್ಲರ್ ಮಿನೋ’ ಅನ್ನೋ ಫ್ಲೈಯ ತಲೆ ಜಿಂಕೆ ಕೂದಲಿನದು. ಆ ಕೂದಲಿನ ಒಳಗೆ ಗಾಳಿ ತುಂಬಿರುತ್ತೆ. ದಾರವನ್ನ ಎರಡು ಸುತ್ತು ಸಡಿಲವಾಗಿ ಹಾಕಿ ಎಳೆದ್ರೆ ಕೂದಲು ಅರಳಿ ಗಾಳದ ಸುತ್ತ ತಿರುಗಿ ಕೂರುತ್ತೆ. ಇಷ್ಟನ್ನ ಸರಿಯಾಗಿ ಕಲೀಲಿಕ್ಕೆ ಜನ ತಿಂಗಳುಗಟ್ಟಲೆ ಕೂರತಾರೆ, ಸಣ್ಣ ಪ್ಯಾಕೆಟ್ ಕೂದಲಿಗೆ ದುಡ್ಡು ಕೊಡತಾರೆ. ನಮ್ಮಲ್ಲಿ ಜಿಂಕೆ ಕೊಂದು ಅದರ ಚರ್ಮ, ಕೂದಲು ಮಾರೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದು ಹಂಗೇ ಇರಲಿ. ಆದರೆ ಯಾರನ್ನೂ ಕೊಲ್ಲದೆ ಮತ್ತೆ ಮತ್ತೆ ಬೆಳೆಯೋ ಉಣ್ಣೆ ನಮ್ಮ ಹೊಲದಾಗ ಚೀಲಗಟ್ಟಲೆ ಬಿದ್ದಿದೆ. ಕೂರೋ ತಾಳ್ಮೆ ನಮಗೂ ಬೇಕಲ್ಲ?

ಇನ್ನು, ಇದು ಎಂಜಿನಿಯರಿಂಗ್ ಅಲ್ಲ ಅನ್ನೋರಿಗೆ ಒಂದು ಮಾತು. ಉಣ್ಣೆಯ ಎಳೆಗಳು ಗಿಡ್ಡ. ತಿರುವು ಬಿದ್ದಾಗ ಒಂದನ್ನೊಂದು ಒತ್ತಿ ಹಿಡೀತಾವೆ, ಘರ್ಷಣೆಯಿಂದಲೇ ನೂಲು ನಿಲ್ಲುತ್ತೆ. ತಿರುವು ಕಡಿಮೆ ಆದ್ರೆ ಜಾರಿ ಹರೀತದ, ಜಾಸ್ತಿ ಆದ್ರೆ ಗಂಟುಗಂಟಾಗಿ ಸುರುಳಿ ಸುತ್ತುತದ. ನಡುವಿನ ಆ ಹದವನ್ನ ನೂಲೋರು ಹೆಬ್ಬೆರಳಲ್ಲೇ ಅಳೀತಾರೆ. ನಾವು ಅದಕ್ಕೆ ಗ್ರಾಫ್ ಹಾಕಬಹುದು: ಇಂಚಿಗೆ ಎಷ್ಟು ತಿರುವು, ಎಷ್ಟು ಗ್ರಾಂ ತೂಕಕ್ಕೆ ನೂಲು ಹರೀತು. ಒರಟು ಉಣ್ಣೆಗೆ ಒಗ್ಗೋ ಸಣ್ಣ ಯಂತ್ರ ಮಾಡ್ತೀವಿ ಅಂತ ಪ್ರಾಜೆಕ್ಟ್ ಸಿನಾಪ್ಸಿಸ್ ಬರೆಯೋ ಮೊದಲು ಆ ಉಣ್ಣೆ ಬೆರಳಿಗೆ ಹೆಂಗಿರುತ್ತೆ ಅನ್ನೋದಾದ್ರೂ ಗೊತ್ತಿರಬೇಕು.

ಒಂದು ಆಕ್ಷೇಪ ಮಾತ್ರ ನಿಜಕ್ಕೂ ಗಟ್ಟಿ. ದಿನವಿಡೀ ನೂತರೂ ಕೈಗೆ ಬರೋದು ಪುಡಿಗಾಸು, ಅದಕ್ಕೇ ಅವರ ಮಕ್ಕಳು ಬಿಟ್ಟರು. ಬಿಟ್ಟವರಿಗೆ ‘ಪರಂಪರೆ ಉಳಿಸ್ರಿ’ ಅಂತ ಬುದ್ಧಿ ಹೇಳೋ ಹಕ್ಕು ಹಾಸ್ಟೆಲ್‌ನಲ್ಲಿ ಕೂತ ನಮಗಿಲ್ಲ. ಅದಕ್ಕೇ ನಾವು ಹೇಳೋದು ಅವರು ಮುಂದುವರಿಸಲಿ ಅಂತಲ್ಲ, ನಾವು ಕಲಿಯೋಣ, ಕಲಿಸಿದ್ದಕ್ಕೆ ದುಡ್ಡು ಕೊಡೋಣ ಅಂತ. ಕಾಲೇಜಿಗೆ ಬಂದು ಪಿಪಿಟಿ ತೋರಿಸಿದವರಿಗೆ ಗೌರವಧನ, ಶಾಲು, ಹಾರ. ರಾಟಿ ಮುಂದೆ ಕೂತ ಆಯಿಗೆ ಬರೀ ಥ್ಯಾಂಕ್ಸ್ ಅಂದ್ರೆ ಹೆಂಗೆ?

ನಮ್ಮ ಕ್ಲಬ್ ಮುಂದೆ ಇಡೋ ಪ್ರಸ್ತಾವ ಸರಳ. ಹತ್ತು ಜನ, ಎರಡು ದಿನ. ಕಲಿಸೋರಿಗೆ ಆ ಎರಡು ದಿನದ ಗೌರವಧನ, ಅತಿಥಿ ಉಪನ್ಯಾಸಕರಿಗೆ ಕೊಡೋವಷ್ಟೇ. ಉಣ್ಣೆಯನ್ನೂ ಕುರಿಗಾರರಿಂದ ದುಡ್ಡು ಕೊಟ್ಟೇ ತರೋಣ. ಪ್ರತಿಯೊಬ್ಬರ ರಿಪೋರ್ಟಿಗೂ ತಾವೇ ನೂತ ಹತ್ತು ಮೀಟರ್ ನೂಲು ಅಂಟಿಸಿರಬೇಕು, ದಪ್ಪ ಸಣ್ಣ ಇದ್ರೂ ನಡೀತದ. ವಿಶ್ವಸಂಸ್ಥೆ 2026ನ್ನ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಅಂತ ಘೋಷಿಸಿದೆ. ಆ ಹೆಸರಲ್ಲಿ ಒಂದು ಪೋಸ್ಟರ್ ಅಂಟಿಸೋದಕ್ಕಿಂತ ಹತ್ತು ಮೀಟರ್ ನೂಲು ಮೇಲು. ಬರೋರು ಕ್ಲಬ್ ಗ್ರೂಪ್‌ನಲ್ಲಿ ಹೆಸರು ಹಾಕ್ರಿ.