ಕೊಲೆಯ ಚಿತ್ರಗಳೂ ನಮ್ಮ ಮನೆಯ ಬಾಗಿಲೂ

(ಬಿ. ಎ. ಅಂತಿಮ ವರ್ಷ)

ವಾರ್ಷಿಕ ಸಂಚಿಕೆಗೆ ಲೇಖನ ಕೊಡಬೇಕೆಂದು ಗುರುಗಳು ಹೇಳಿದಾಗ, ನಾನು ವಚನ ಸಾಹಿತ್ಯವನ್ನೋ ಆಲಮಟ್ಟಿಯ ಅಣೆಕಟ್ಟನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿರಬಹುದು. ಆ ವಿಷಯಗಳನ್ನು ನನಗಿಂತ ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುವರು. ನಾನು ಬರೆಯಹೊರಟಿರುವುದು ಕೊಲೆಯ ಚಲಚ್ಚಿತ್ರಗಳನ್ನು ಕುರಿತು. ವಾಚಕರು ಮುಖ ತಿರುಗಿಸದೆ ಓದಬೇಕೆಂದು ವಿನಂತಿ.

ಕಳೆದ ದೀಪಾವಳಿಯ ರಜೆಗೆ ಮುನ್ನ ನಾವು ನಾಲ್ವರು, ಇಂಡಿಯವನೊಬ್ಬ, ಸಿಂದಗಿಯವನೊಬ್ಬ, ಮುದ್ದೇಬಿಹಾಳದವನೊಬ್ಬ ಮತ್ತು ಬಸವನ ಬಾಗೇವಾಡಿ ಕಡೆಯವನಾದ ನಾನು, 'ದಂಡುಪಾಳ್ಯ'ದ ಚಿತ್ರಗಳನ್ನು ಮೂರು ರಾತ್ರಿ ಸಾಲಾಗಿ ನೋಡಿದೆವು. ಚಿತ್ರಮಂದಿರವೆಂದರೆ ಹಾಸ್ಟೆಲಿನ ನಮ್ಮ ಕೋಣೆ. ಪರದೆಯೆಂದರೆ ಟ್ರಂಕಿನ ಮೇಲೆ ತಂಬಿಗೆಗೆ ಆನಿಸಿ ನಿಲ್ಲಿಸಿದ ಸಿಂದಗಿಯ ಗೆಳೆಯನ ಮೊಬೈಲು. ಶ್ರೀನಿವಾಸ ರಾಜು ಅವರು ನಿರ್ದೇಶಿಸಿದ ಮೊದಲನೆಯ ಚಿತ್ರ ಬಂದದ್ದು 2012ರಲ್ಲಿ, ಎರಡನೆಯದು 2017ರಲ್ಲಿ, ಮೂರನೆಯದು 2018ರಲ್ಲಿ. 2019ರ ನಾಲ್ಕನೆಯದಕ್ಕೆ ಹೆಸರು ಅದೇ ಆದರೂ ನಿರ್ದೇಶಕರು ಬೇರೆ, ಅದನ್ನು ಬಿಟ್ಟೆವು.

ಹೊಸಕೋಟೆಯ ಹತ್ತಿರದ ದಂಡುಪಾಳ್ಯವೆಂಬ ಊರಿನ ಹೆಸರಿನಿಂದ ಕರೆಯಲಾದ ಒಂದು ತಂಡವು ಬೆಂಗಳೂರಿನ ಸುತ್ತಮುತ್ತ ನಡೆಸಿದ ಕೊಲೆ ಸುಲಿಗೆಗಳೇ ಇವುಗಳಿಗೆ ಮೂಲ. ಕೆಳಗಿನ ನ್ಯಾಯಾಲಯ ಹಲವರಿಗೆ ಮರಣದಂಡನೆ ವಿಧಿಸಿತ್ತು. ಮುಂದೆ ಉಚ್ಚ ನ್ಯಾಯಾಲಯದಲ್ಲಿ ಕೆಲವು ಶಿಕ್ಷೆಗಳು ಬದಲಾದವು. ಚಿತ್ರ ಬಂದ ಮೇಲಂತೂ ನಾಲ್ಕು ಮಂದಿ ದರೋಡೆಕೋರರು ಎಲ್ಲಿ ಸಿಕ್ಕರೂ ಅವರನ್ನು 'ದಂಡುಪಾಳ್ಯದವರು' ಎನ್ನುವುದು ರೂಢಿಯಾಗಿದೆ. ಆ ಊರಲ್ಲಿ ಹುಟ್ಟಿ ಶಾಲೆಗೆ ಹೋಗುವ ಹುಡುಗನು ತನ್ನ ಊರಿನ ಹೆಸರನ್ನು ಹೇಗೆ ಹೇಳುತ್ತಾನೋ!

ನಾನು ಮೊದಲನೆಯ ಚಿತ್ರವನ್ನು ಈ ಮುಂಚೆಯೇ, ಹತ್ತು ವರ್ಷದವನಿದ್ದಾಗ, ನೆರೆಮನೆಯ ಟಿ.ವಿ.ಯಲ್ಲಿ ನೋಡಿದ್ದೆ. ನೋಡಿದವರಿಗೆ ನೆನಪಿರಬಹುದು: ಹಗಲು ಹೊತ್ತಿನಲ್ಲಿ ಒಂದು ಮನೆಯ ಬಾಗಿಲು ಬಡಿಯುತ್ತಾರೆ, ಒಳಗೆ ಹೆಂಗಸು ಒಬ್ಬಳೇ ಇರುತ್ತಾಳೆ, ಕುಡಿಯಲು ನೀರು ಕೇಳುತ್ತಾರೆ. ಅವಳು ನೀರು ತರಲು ಒಳಗೆ ತಿರುಗುತ್ತಾಳೆ. ಮುಂದಿನದನ್ನು ಬರೆಯುವ ಅವಶ್ಯಕತೆಯಿಲ್ಲ.

ಚಿತ್ರ ನೋಡಿದ ಮರುದಿನವೋ ಅದರ ಮಾರನೆಯ ದಿನವೋ, ಬೇಸಿಗೆಯ ಮಧ್ಯಾಹ್ನ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ತಲೆಯ ಮೇಲೆ ಗಂಟು ಹೊತ್ತ ಒಬ್ಬ ಮುದುಕಿ, ಸೂಜಿ ದಾರ ಮಾರುವವಳು, ಒಂದು ಕೂಸಿನ ಕೈ ಹಿಡಿದು ನಮ್ಮ ಬಾಗಿಲಿಗೆ ಬಂದು, "ತಮ್ಮಾ, ಒಂದ ತಂಬಿಗಿ ನೀರ ಕೊಡೋ" ಎಂದಳು. ನಾನು ಬಾಗಿಲು ಹಾಕಿ ಅಗುಳಿ ಜಡಿದೆ. ಕಂಡಿಯಲ್ಲಿ ನೋಡುತ್ತ ನಿಂತೆ. ಅವಳು ಮತ್ತೊಮ್ಮೆ ಕೇಳಲಿಲ್ಲ. ಬೇವಿನ ಗಿಡದ ಕೆಳಗೆ ಸ್ವಲ್ಪ ಹೊತ್ತು ಕುಳಿತು, ಸೆರಗಿನಿಂದ ಕೂಸಿನ ಮುಖ ಒರೆಸಿ, ಎದ್ದು ಹೋದಳು.

ಸಂಜೆ ಇದನ್ನು ನಾನು ದೊಡ್ಡ ಸಾಹಸವೆಂಬಂತೆ ಆಯಿಗೆ ಹೇಳಿದೆ. ಕೊಲೆಗಾರರಿಂದ ಮನೆ ಉಳಿಸಿದವನಲ್ಲವೇ ನಾನು! ಆಯಿ, "ನೀರ ಕೇಳಿದವರಿಗಿ ಇಲ್ಲ ಅಂದ್ಯಾ?" ಎಂದು ಒಂದೇ ಮಾತು ಆಡಿದಳು. ಆಮೇಲೆ ಕೊಡದಲ್ಲಿ ನೀರು ತುಂಬಿಕೊಂಡು ರಸ್ತೆಯ ತನಕ ಹೋಗಿ ಬಂದಳು. ಅಲ್ಲಿ ಯಾರೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಮರುದಿನ ಬೇವಿನ ಗಿಡದ ಕೆಳಗೆ ಒಂದು ಹರವಿ, ಅದರ ಮೇಲೊಂದು ಬಟ್ಟಲು ಇಟ್ಟಳು. ತಾನು ಬದುಕಿರುವ ತನಕ ಪ್ರತಿ ಬೇಸಿಗೆಯಲ್ಲಿ ಅದನ್ನು ತುಂಬಿಸಿದಳು.

ಒಂಟಿಯಾಗಿರುವ ಹೆಂಗಸರಿಗೆ ಎಚ್ಚರಿಕೆ ಬೇಡವೆಂದು ನಾನು ಹೇಳಲಾರೆ. ತಂದೆ ಕಬ್ಬು ಕಡಿಯಲು ಹೋದಾಗ ನನ್ನ ತಾಯಿಯೂ ಹೊಲದ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಅವಳ ಅಂಜಿಕೆಯನ್ನು ನಗೆಯಾಡುವ ಧೈರ್ಯ ನನಗಿಲ್ಲ. ಸತ್ತವರೂ ನಿಜವಾಗಿ ಸತ್ತವರೇ. ನನ್ನ ತಕರಾರು ಇರುವುದು ಮೊದಲನೆಯ ಚಿತ್ರಕ್ಕೇ ನಿಂತುಬಿಡುವ ನೋಟದ ಬಗ್ಗೆ. ನಮ್ಮ ನಾಲ್ಕು ತಾಲೂಕುಗಳಲ್ಲಿ ಮೊದಲನೆಯದನ್ನು ನೋಡದ ಮನೆ ವಿರಳವೆಂದು ನನ್ನ ಅನಿಸಿಕೆ. ಎರಡನೆಯದನ್ನು ನೋಡಿದವರನ್ನು ನಾನು ಬೆರಳ ಮೇಲೆ ಎಣಿಸಬಲ್ಲೆ.

ಆ ಎರಡನೆಯ ಚಿತ್ರ ನಮ್ಮನ್ನು ಬೆರಗುಗೊಳಿಸಿತು. ಅದೇ ಪೂಜಾ ಗಾಂಧಿ, ಅದೇ ಮಕರಂದ ದೇಶಪಾಂಡೆ, ಅದೇ ಪೊಲೀಸ್ ಅಧಿಕಾರಿಯ ಪಾತ್ರದಲ್ಲಿ ಅದೇ ರವಿಶಂಕರ್. ಆದರೆ ಈಗ ಕಥೆ ಸೆರೆಮನೆಯ ಒಳಗಿನಿಂದ ಬರುತ್ತದೆ. ಶ್ರುತಿಯವರು ನಟಿಸಿದ ಪತ್ರಕರ್ತೆಯೊಬ್ಬಳು ಹೋಗಿ ಕೇಳುತ್ತಾಳೆ. ಇವರು ತಮ್ಮನ್ನು ಹೇಗೆ ಹೊಡೆದು ಬಡಿದು ತಪ್ಪೊಪ್ಪಿಸಲಾಯಿತೆಂದು ಹೇಳುತ್ತಾರೆ. ಹಿಂದಿನ ರಾತ್ರಿ ಯಾರನ್ನು ಕಂಡು ನಡುಗಿದ್ದೆವೋ ಅವರಿಗಾಗಿ ಈ ರಾತ್ರಿ ಮರುಗುತ್ತ ಕುಳಿತೆವು. ಮೂರನೆಯದರಲ್ಲಿ ಕಥೆ ಮತ್ತೆ ಅಧಿಕಾರಿಯ ಬಾಯಿಗೆ ಬರುತ್ತದೆ, ಅಪರಾಧಗಳು ಮತ್ತೆ ಕಣ್ಣೆದುರು ನಿಲ್ಲುತ್ತವೆ. ಇಂಡಿಯ ಗೆಳೆಯನು ಬೇಸರದಿಂದ, "ಹಂಗಾರ ಖರೇ ಯಾವ್ದೋ?" ಎಂದ. ಮೊದಲನೆಯದರಲ್ಲಿ ಯಾರಿಗೂ ಈ ಪ್ರಶ್ನೆ ಹುಟ್ಟಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಚಿತ್ರಗಳಲ್ಲಿ ದೋಷವಿಲ್ಲವೆಂದಲ್ಲ. ರಕ್ತವನ್ನು ಅವಶ್ಯಕತೆಗಿಂತ ಹೆಚ್ಚು ಹೊತ್ತು ತೋರಿಸುತ್ತಾರೆ. ಹೆಂಗಸಿನ ಸಾವಿನ ಎದುರು ಕ್ಯಾಮರಾ ನಿಲ್ಲುವ ರೀತಿ ನನಗೆ ಸರಿಬರಲಿಲ್ಲ. ಹಾಗಿದ್ದೂ ಸಾಲಾಗಿ ನೋಡಿದಾಗ ಮಾತ್ರ ಒಂದು ವಿಚಾರಣೆ ನಡೆದಂತಾಗುತ್ತದೆ.

ಅಮೇರಿಕೆಯ ಇಂಥ ಚಿತ್ರಗಳ ಸಾಲು ನಮ್ಮದಕ್ಕಿಂತ ಬಹಳ ಉದ್ದ. ಮುದ್ದೇಬಿಹಾಳದ ಗೆಳೆಯನಿಗೆ ಅವುಗಳ ಹುಚ್ಚು. 'ಫ್ರೈಡೇ ದ ಥರ್ಟೀನ್ತ್' ಎಂಬ ಮಾಲೆಯಲ್ಲಿ 1980ರಿಂದ 2009ರ ತನಕ ಹನ್ನೆರಡು ಚಿತ್ರಗಳು ಬಂದವು. ಅವನು ಹನ್ನೆರಡನ್ನೂ ನೋಡಿದ್ದಾನೆ. ಅವನ ಒತ್ತಾಯಕ್ಕೆ ನಾನೂ ಐದಾರು ನೋಡಿದೆ. ಮೊದಲನೆಯದರಲ್ಲಿ ಕೊಲೆಗಾರಳು ಒಬ್ಬ ತಾಯಿ. ಕೆರೆಯ ದಂಡೆಯ ಶಿಬಿರದಲ್ಲಿ ನೋಡಿಕೊಳ್ಳಬೇಕಾದವರ ಅಲಕ್ಷ್ಯದಿಂದ ತನ್ನ ಮಗ ಮುಳುಗಿದನೆಂಬುದು ಅವಳ ಸಂಕಟ. ಎರಡನೆಯದರಲ್ಲಿ ಆ ಮಗನೇ ಕೊಲೆಗಾರ. ಮೂರನೆಯದರಲ್ಲಿ ಅವನಿಗೆ ಹಾಕಿ ಆಟದ ಮುಖವಾಡ ಬರುತ್ತದೆ. 1984ರ ನಾಲ್ಕನೆಯದಕ್ಕೆ 'ಕೊನೆಯ ಅಧ್ಯಾಯ'ವೆಂದು ಹೆಸರಿಟ್ಟು, ಮರುವರ್ಷವೇ ಐದನೆಯದನ್ನು ತಂದರು. ಹತ್ತನೆಯದರಲ್ಲಿ ಅವನು ಆಕಾಶನೌಕೆಯನ್ನೂ ಏರುತ್ತಾನೆ. ಮುಂದೆ ಮುಂದೆ ಹೋದಂತೆ ತಾಯಿಯ ಸಂಕಟ ಮರೆತುಹೋಗಿ ಮುಖವಾಡವೊಂದೇ ಉಳಿಯಿತು. ನನ್ನ ಗೆಳೆಯ ಪ್ರತಿ ಚಿತ್ರದಲ್ಲಿ ಎಷ್ಟು ಜನ ಸತ್ತರೆಂದು ಕ್ರಿಕೆಟ್ಟಿನ ರನ್ನಿನಂತೆ ಹೇಳಬಲ್ಲ. ಏಕೆ ಸತ್ತರೆಂದು ಹೇಳಲಾರ. ನಮ್ಮ ಸಾಲು ಚಿಕ್ಕದಾದರೂ ಮುಖವಾಡ ತೆಗೆದು ನೋಡಲು ಒಮ್ಮೆಯಾದರೂ ಯತ್ನಿಸಿತು.

ಕೊಲೆಯನ್ನು ನೋಡುವುದು ನಮ್ಮವರಿಗೆ ಹೊಸದೂ ಅಲ್ಲ. ಬೈಲಹೊಂಗಲದ ಕಡೆ ನಡೆದ ನಿಜವಾದ ಕೊಲೆಯಿಂದ ಹುಟ್ಟಿದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ನಮ್ಮ ಹಿರಿಯರು ರಾತ್ರಿಯಿಡೀ ನೋಡುತ್ತಿದ್ದರು. ಸಂಗ್ಯಾ ಸಾಯುವನೆಂದು ಕುಳಿತವರಿಗೆಲ್ಲ ಮೊದಲೇ ಗೊತ್ತು. ಆದರೆ ಕೊಡಲಿ ಏಳುವ ಹೊತ್ತಿಗೆ ಅವನ ಮೋಹ, ಗಂಗಿಯ ಹಿಂಜರಿಕೆ, ಬಾಳ್ಯಾನ ಗೆಳೆತನ ಮತ್ತು ದ್ರೋಹ ಎಲ್ಲವೂ ಹಾಡಿನಲ್ಲಿ ಬಂದುಹೋಗಿರುತ್ತವೆ. ಆಯಿಗೆ ಆ ಹಾಡುಗಳು ಬರುತ್ತಿದ್ದವು. ಅದನ್ನು ನೋಡಿ ಬಂದವರಾರೂ ನೀರು ಕೇಳಿದವರ ಮುಂದೆ ಅಗುಳಿ ಜಡಿದುದನ್ನು ನಾನು ಕೇಳಿಲ್ಲ.

"ಇಷ್ಟ್ಯಾಕ ತಲಿ ಕೆಡಿಸ್ಕೋತಿ, ಸಿನಿಮಾ ಅಷ್ಟೇ ಅಲ್ಲೇನೋ" ಎಂದು ಸಿಂದಗಿಯವನು ಅಂದ. ನಾನು ಅವನಿಗೆ 2018ರ ಜುಲೈ 1ನ್ನು ನೆನಪಿಸಿದೆ. ಅಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯನ್ನು ನಂಬಿದ ಗುಂಪು, ಊರೂರು ತಿರುಗುವ ಸಮಾಜದ ಐವರನ್ನು ಹೊಡೆದು ಕೊಂದಿತು. ಸತ್ತವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು, ಎಂದರೆ ಭೀಮಾತೀರದ ನಮ್ಮ ನೆರೆಯವರೇ. ಅದಕ್ಕೆ ಕಾರಣ ಯಾವ ಚಲಚ್ಚಿತ್ರವೂ ಅಲ್ಲ, ಮೊಬೈಲಿನ ವದಂತಿ. ಆದರೆ ಗಂಟು ಹೊತ್ತು ಬಂದವರನ್ನು ನೋಡಿದೊಡನೆ ಕೊಲೆಗಾರರೆಂದುಕೊಳ್ಳುವ ಕಣ್ಣು ಹತ್ತನೆಯ ವಯಸ್ಸಿನಲ್ಲಿ ನನಗೂ ಇತ್ತು. ಅದು ಎಲ್ಲಿಂದ ಬಂತೆಂಬುದನ್ನು ನಾನು ಬಲ್ಲೆ.

ಮೂರು ರಾತ್ರಿಯ ನೋಟ ಮುಗಿಸಿ ರಜೆಗೆ ಊರಿಗೆ ಹೋದೆ. ತಂದೆ ಅಥಣಿಯ ಕಡೆ ಕಬ್ಬು ಕಡಿಯಲು ಹೊರಡುವ ಸಿದ್ಧತೆಯಲ್ಲಿದ್ದರು. ಕಬ್ಬು ಕಡಿಯುವ ತಂಡಕ್ಕೆ ನಮ್ಮಲ್ಲಿ 'ಗ್ಯಾಂಗು' ಎಂದೇ ಹೆಸರು. ಊಟಕ್ಕೆ ಕುಳಿತಾಗ ಚಿತ್ರಗಳ ವಿಷಯ ಹೇಳಿದೆ, ಆ ಮುದುಕಿಯ ವಿಷಯವನ್ನೂ ಹೇಳಿದೆ. ತಂದೆ ನಕ್ಕರು.

"ಹೋದ ವರ್ಷ ನಾನೂ ಒಂದ ಮನಿಗಿ ನೀರ ಕೇಳಾಕ ಹೋಗಿದ್ದೆ. ಒಳಗಿಂದ ಒಂದ ಹುಡುಗಿ 'ಯಾರು?' ಅಂತು. 'ಗ್ಯಾಂಗಿನವರವ್ವಾ' ಅಂದೆ. ಗ್ಯಾಂಗ್ ಅಂದಕೂಡ್ಲೇ ಬಾಗಲ ಹಾಕ್ಕೊಂತು."

"ಆಮ್ಯಾಲ?"

"ಆಮ್ಯಾಲೇನ, ಕಾಲುವಿ ನೀರ ಕುಡದ್ವಿ" ಎಂದು ಅವರು ರೊಟ್ಟಿ ಮುರಿದರು.