ವೈಫೈ ಬರಲಿಲ್ಲವೆಂದು ಲಿನಕ್ಸ್ ಬಿಡಬೇಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಿಲಂಗಾ, ಉದಗೀರ, ಉಮರ್ಗಾ ಕಡೆಯ ಮನೆಗಳಲ್ಲಿರುವ ಹಳೇ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಹಿಡಿಸದಿದ್ದರೆ ಗುಜರಿಗೆ ಹಾಕಬೇಕಿಲ್ಲ, ಕಳ್ಳ ಕಾಪಿಯೂ ಬೇಡ. ಉಬುಂಟು ಅಥವಾ ಡೆಬಿಯನ್ ಹಾಕಿ. ಇವು ಉಚಿತ.

"ಹಾಕಿದೆವು, ವೈಫೈ ಕಾಣಿಸಲ್ಲ" ಅನ್ನುತ್ತೀರಾ? ವೈಫೈ ಚಿಪ್ ನಡೆಯಲು ಫರ್ಮ್‌ವೇರ್ ಬೇಕು. ಎಷ್ಟೋ ಕಂಪನಿಗಳು ಅದರ ಮೂಲ ಕೋಡ್ ಬಿಟ್ಟುಕೊಡುವುದಿಲ್ಲ. ಅದಕ್ಕೇ ಡೆಬಿಯನ್ ಬಹುಕಾಲ ಅದನ್ನು ಅಧಿಕೃತ ಇನ್‌ಸ್ಟಾಲರ್‌ನಿಂದ ಹೊರಗಿಟ್ಟಿತ್ತು. 2022ರಲ್ಲಿ ಅದರ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು. 2023ರ ಡೆಬಿಯನ್ 12ರಿಂದ ಅದು ಜೊತೆಗೇ ಬರುತ್ತದೆ. ತತ್ವ ಬಿಡದೆ ಜನರ ಕಷ್ಟಕ್ಕೂ ಕಿವಿಗೊಟ್ಟದ್ದು ಸರಿ ಅಂತ ನನ್ನ ಅಭಿಪ್ರಾಯ.

ಆದರೂ ಕೆಲವು ಬ್ರಾಡ್‌ಕಾಮ್ ಚಿಪ್‌ಗಳು ಹಟ ಮಾಡುತ್ತವೆ. ಆಗ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನೆಟ್ ಬರುತ್ತದೆ. ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆದು ಡ್ರೈವರ್ ಆರಿಸಿ, ರೀಸ್ಟಾರ್ಟ್ ಮಾಡಿ.

ಇನ್ನೂ ಹಾಕಿಲ್ಲವೇ? ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ನಡೆಸಿ ವೈಫೈ ನೋಡಿ. ಬಲ್ಲವರು ಪಕ್ಕದ ಮನೆಯ ತಮ್ಮ-ತಂಗಿಯರಿಗೂ ಒಂದು ಗಂಟೆ ಕೊಡಿ. ಒಂದು ಹಳೇ ಲ್ಯಾಪ್‌ಟಾಪ್ ಎದ್ದರೆ ಒಬ್ಬರ ಓದು ನಡೆಯುತ್ತದೆ.