ಶರೀಫರ ಜನಿವಾರದ ಪದ

ಶಿಶುನಾಳ ಶರೀಫರ ಜನಿವಾರದ ಪದವನ್ನು ಹಾಡದ ಭಜನಾ ಮೇಳ ನಮ್ಮ ಸೀಮೆಯಲ್ಲಿ ವಿರಳ. ಪಾಳಿ ಮುಗಿಸಿ ಬಂದವರು ಹಾಡುತ್ತಾರೆ, ಅಂಗಡಿಯ ಕದ ಹಾಕಿ ಬಂದವರು ತಾಳ ಹಿಡಿಯುತ್ತಾರೆ. 1990ರಲ್ಲಿ ನಾಗಾಭರಣರ ಚಲನಚಿತ್ರ ಬಂದ ಮೇಲಂತೂ, ಅಶ್ವತ್ಥರ ಧಾಟಿಯಲ್ಲಿ, ಶರೀಫರ ಪದಗಳು ನಾಡಿನ ಮೂಲೆಮೂಲೆಗೂ ಮುಟ್ಟಿದವು. ಆದರೆ ಪದ ಹಾಡುವುದು ಬೇರೆ, ಅದರ ಮಾತಿಗೆ ಕಿವಿಗೊಡುವುದು ಬೇರೆ.

ಸಂಗತಿಯಾದರೂ ಏನು? 1819ರಲ್ಲಿ ಶಿಶುವಿನಾಳದ ಮುಸಲ್ಮಾನ ಮನೆಯಲ್ಲಿ ಹುಟ್ಟಿದ ಹುಡುಗ, ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಸಾಲಿಯ ಮಾಸ್ತರನಾದವನು, ಕಳಸದ ಗೋವಿಂದಭಟ್ಟರ ಶಿಷ್ಯನಾದನು. ಗುರು ತನ್ನ ಕೈಯಾರೆ ಅವನಿಗೆ ಜನಿವಾರ ಹಾಕಿದರೆಂದು ಜನ ಇಂದಿಗೂ ಹೇಳುತ್ತಾರೆ. ಆ ಸಂತೋಷವೇ ಪದವಾಯಿತು. ಭಟ್ಟರು ತಮ್ಮವರಿಂದ ನಿಂದೆ ಕೇಳಿದರು, ಶರೀಫರೂ ತಮ್ಮವರಿಂದ ಕೇಳಿದರು. ಇಬ್ಬರೂ ಒಬ್ಬರ ಕೈಯನ್ನೊಬ್ಬರು ಬಿಡಲಿಲ್ಲ.

ಇದನ್ನು ಒಂದು ಪಂಗಡದವರು 'ನೋಡಿ, ನಮ್ಮ ಧರ್ಮಕ್ಕೆ ಬಂದ' ಎಂದು ಬೀಗಲು ಬಳಸುತ್ತಾರೆ. ಇನ್ನೊಂದು ಪಂಗಡದವರು ಇದೆಲ್ಲ ಬರಿಯ ಅಧ್ಯಾತ್ಮವೆಂದು ಮುಟ್ಟದೆ ದೂರವಿಡುತ್ತಾರೆ. ಎರಡನ್ನೂ ನಾವು ಒಪ್ಪೆವು. ಪದದಲ್ಲಿ 'ನಾನು ಮೇಲಿನ ಜಾತಿಯವನಾದೆ' ಎಂಬ ಹೆಮ್ಮೆಯ ಸುದ್ದಿಯೇ ಇಲ್ಲ. ಅಲ್ಲಿರುವುದು ಕಲಿಸಿದ್ದರ ಲೆಕ್ಕ: ಗುರು ಇದನ್ನು ಹೇಳಿಕೊಟ್ಟ, ಇದನ್ನು ತಿಳಿಸಿದ, ನನ್ನ ಭಾರ ಇಳಿಯಿತು ಎಂಬುದು. ದಾರಕ್ಕಿಂತ ಅದರ ಹಿಂದಿನ ವಿದ್ಯೆ ಅವರಿಗೆ ದೊಡ್ಡದು. ಹುಟ್ಟಿನ ಬೇಲಿಯೊಳಗೆ ಕೂಡಿಹಾಕಿದ್ದ ವಿದ್ಯೆಯನ್ನು ಒಬ್ಬ ಮಾಸ್ತರ ಬೇಲಿ ಕಿತ್ತು ಹೊರಗೆ ಕೊಟ್ಟನು. ಪುರೋಹಿತಶಾಹಿಯನ್ನು ಭಾಷಣದಿಂದ ಬೈಯುವುದಕ್ಕಿಂತ ಇದು ಕಠಿಣವಾದ ಕೆಲಸ.

ನೂಲಿನ ವಿಷಯವನ್ನು ಗಿರಣಿಯವರಿಗೆ ನಾವು ಹೇಳಿಕೊಡಬೇಕಾದ್ದಿಲ್ಲ. ನೂಲಿಗೆ ನಂಬರು ಉಂಟು. ಜಾತಿ ಉಂಟೆಂದು ಯಾವ ಜಾಬರನೂ ಹೇಳಿದ್ದನ್ನು ನಾವು ಕೇಳಿಲ್ಲ. (ಶರೀಫರು ಗಿರಣಿಯ ಮೇಲೂ ಒಂದು ಪದ ಕಟ್ಟಿದ್ದಾರೆ. ನಮ್ಮ ಮೇಳಗಳು ಅದನ್ನೇಕೆ ಕಡಿಮೆ ಹಾಡುತ್ತವೆಯೋ!)

ಈಗ ನಮ್ಮ ಕಾಲದ ಸಾಲಿಯ ಬಾಗಿಲಿಗೆ ಬರೋಣ. 2022ರ ಫೆಬ್ರುವರಿಯಲ್ಲಿ ಸಮವಸ್ತ್ರದ ಸರಕಾರಿ ಆದೇಶ ಹೊರಟಿತು. ತಲೆಯ ಮೇಲಿನ ಬಟ್ಟೆಗಾಗಿ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರದಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯ ತೀರ್ಪು ಕೊಟ್ಟರು. ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬಾರದ ಪ್ರಶ್ನೆಗೆ ಹದಿನಾರು ಹದಿನೇಳರ ಹುಡುಗಿ ತನ್ನ ಓದಿನ ವರ್ಷವನ್ನು ದಂಡ ತೆರಬೇಕಾಯಿತು. ಆಗ ಚಪ್ಪಾಳೆ ತಟ್ಟಿದವರು ಬಹಳ ಮಂದಿ. 2025ರ ಏಪ್ರಿಲದಲ್ಲಿ ಸಿಇಟಿ ಪರೀಕ್ಷೆಯ ಬಾಗಿಲಲ್ಲಿ, ಬೀದರ ಮತ್ತು ಶಿವಮೊಗ್ಗಗಳಲ್ಲಿ, ಹುಡುಗರಿಗೆ ಜನಿವಾರ ತೆಗೆಯಿರೆಂದು ಹೇಳಿದರು. ಬೀದರದ ಹುಡುಗನೊಬ್ಬನಿಗೆ ಗಣಿತದ ಪರೀಕ್ಷೆ ತಪ್ಪಿಹೋಯಿತು. ಆಗ ಕೂಗೆದ್ದಿತು, ಸರಕಾರ ಅಧಿಕಾರಿಗಳನ್ನು ಅಮಾನತು ಮಾಡಿತು. ಕೂಗಿದ್ದು ಸರಿಯೇ. ಆದರೆ ಹುಡುಗಿಯ ವೇಳೆಗೆ ಸುಮ್ಮನಿದ್ದು ಹುಡುಗನ ವೇಳೆಗೆ ಕೂಗಿದವರಿಗೂ, ಹುಡುಗಿಗಾಗಿ ಕೂಗಿ ಹುಡುಗನ ವೇಳೆಗೆ ಒಳಗೊಳಗೇ ನಕ್ಕವರಿಗೂ ಶರೀಫರ ಪದ ಹಾಡುವ ಅಧಿಕಾರವಿದೆಯೇ ಎಂದು ನಾವು ಕೇಳುತ್ತೇವೆ. ಗೋವಿಂದಭಟ್ಟರು ವಿದ್ಯೆ ಕೊಡಲಿಕ್ಕೆ ದಾರ ಹಾಕಿದರು. ನಮ್ಮ ಕಾರಕೂನರು ದಾರ ನೋಡಿ ವಿದ್ಯೆಯ ಬಾಗಿಲು ಮುಚ್ಚಿದರು!

ವ್ಯಾಪಾರಸ್ಥ ಮಿತ್ರರು ಇದು ಸಾಲಿಯ ಮಾತು, ನಮಗೇನು ಎನ್ನಬಾರದು. ಅದೇ 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ, ಶಿವಮೊಗ್ಗೆಯ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಗೊಡಲಿಲ್ಲ. ಬಳೆ, ಆಟಿಕೆ, ಮಿಠಾಯಿ ಮಾರಿ ವರ್ಷದ ಸಾಲ ತೀರಿಸುವವನ ಹೊಟ್ಟೆಯ ಮೇಲೆ ಹೊಡೆದರು. ದೊಡ್ಡ ಸಾವಕಾರನ ಮಾಲು ಯಾವ ಧರ್ಮದ್ದೆಂದು ಯಾರೂ ಕೇಳಲಿಲ್ಲ. ಕೇಳುವುದು ಬುಟ್ಟಿ ಹೊತ್ತವನನ್ನೇ.

1889ರಲ್ಲಿ ಶರೀಫರು ತೀರಿದಾಗ ಎರಡೂ ಸಮಾಜದವರು ತಮ್ಮ ತಮ್ಮ ರೀತಿಯಲ್ಲಿ ಸಂಸ್ಕಾರ ಮಾಡಿದರೆಂದು ಹೇಳಿಕೆ. ಶಿಶುವಿನಾಳದ ಗದ್ದುಗೆಗೆ ಇಂದೂ ಇಬ್ಬರೂ ನಡೆದುಕೊಳ್ಳುತ್ತಾರೆ.

ಬರುವ ಜೂನಿನಲ್ಲಿ ಸಾಲಿ ತೆರೆದಾಗ ನಮ್ಮ ಓಣಿಯ ಪಾಲಕರು ಶಾಲಾ ಸಮಿತಿಯ ಸಭೆಗೆ ತಪ್ಪದೆ ಹೋಗಬೇಕು. ಯಾವ ಮಗುವಿನ ಹೆಸರು ಹಾಜರಿ ಪುಸ್ತಕದಿಂದ ಬಿದ್ದುಹೋಗಿದೆ, ಫೀಯಿಂದಲೋ, ದುಡಿಮೆಗೆ ಹೋದದ್ದರಿಂದಲೋ, ಬಟ್ಟೆಯಿಂದಲೋ ಎಂದು ಹೆಡ್ ಮಾಸ್ತರರನ್ನು ಕೇಳಬೇಕು. ಉತ್ತರವನ್ನು ಬರೆದು ನಮ್ಮ ಪತ್ರಿಕೆಗೆ ಕಳಿಸಿದರೆ ಅಚ್ಚು ಹಾಕುತ್ತೇವೆ.